ನಿಂತಲ್ಲೇ ಗುರ್ರೆನ್ನುವ ಪಿಕಪ್ಪು

ಬಂಡೆಗಳು ಕೂಡ ಬಿಸಿಲಿಗೆ ಆಕಳಿಸುವ ಒಂದು ಕಾರೆಮುಳ್ಳಿನ ಕಾಡು. ಅಲ್ಲೊಂದು ಹೊಂಡ. ಹೊಂಡದ ದಡದಲ್ಲಿ ಮುತ್ತುಗದ ಮರ. ಮರದ ಕೆಳಗೆ ಹೊಚ್ಚ ಹೊಸ ಡೀಸೆಲ್ ಪಿಕಪ್ಪು. ಅದರೊಳಗೆ ಒಂದು ಕರಡಿ.

ಕರಡಿಗೆ ಪಿಕಪ್ಪು ಎಲ್ಲಿಂದ ಬಂತು ಅಂತ ಕೇಳಬೇಡಿ. ಕರಡಿ ಮಾತಾಡಿದರೆ ನಂಬುತ್ತೀರಿ ತಾನೆ? ಪಿಕಪ್ಪನ್ನೂ ನಂಬಿ.

ಕರಡಿಯ ಹೆಸರು ಬೋಳಯ್ಯ. ಮೈತುಂಬ ಗೇಣುದ್ದ ಕೂದಲು. ಹೆಸರಿಟ್ಟವರಿಗೆ ಕಣ್ಣು ಮಂಜಾಗಿತ್ತೋ ಏನೋ. ಇಷ್ಟು ಕೂದಲಿಟ್ಟುಕೊಂಡು ಬೇಸಿಗೆ ಕಳೆಯೋದು ಹೇಗೆ? ಅದಕ್ಕೇ ಬೋಳಯ್ಯ ಬೇಸಿಗೆ ಬಂದ ದಿನವೇ ಗಾಡಿ ಸ್ಟಾರ್ಟ್ ಮಾಡಿ, ಗಾಜು ಏರಿಸಿ, ಏಸಿ ಹಾಕಿಕೊಂಡು ಕೂತುಬಿಟ್ಟಿದ್ದ. ಗಾಡಿ ಎಲ್ಲಿಗೂ ಹೋಗುತ್ತಿರಲಿಲ್ಲ. ಹಗಲೂ ರಾತ್ರಿ ನಿಂತಲ್ಲೇ ಗುರ್ರ್ರ್... ಗುರ್ರ್ರ್...

ಪಕ್ಕದ ಸೀಟಿನಲ್ಲಿ ಒಬ್ಬ ಮುಸುವ, ಬೋಳಯ್ಯನ ಗೆಳೆಯ. ಒಂದು ದಿನ ಅವನು ಕೇಳಿದ, "ಬೋಳಣ್ಣ, ಸ್ವಲ್ಪ ಹೊತ್ತು ಆಫ್ ಮಾಡಬಾರದಾ?"

"ಲೇ, ಡೀಸೆಲ್ ಗಾಡಿ ವಿಷಯ ನನಗೇ ಹೇಳಿಕೊಡ್ತೀಯಾ? ನಮ್ಮಜ್ಜನ ಲಾರಿ ಒಂದ್ಸಲ ಆಫ್ ಆದ್ರೆ ಇಡೀ ಕಾಡು ಬಂದು ತಳ್ಳಬೇಕಿತ್ತು. ಅಜ್ಜ ಸಾಯೋವಾಗ ನನ್ನ ಕಿವೀಲಿ ಏನಂದ ಗೊತ್ತಾ? 'ಮಗಾ, ಹೊತ್ತಿದ ಡೀಸೆಲ್ಲು ಆರಿಸಬೇಡ' ಅಂದ."

"ಅದು ಅಜ್ಜನ ಲಾರಿ ಅಣ್ಣಾ. ಇದು ಕೀಲಿ ತಿರುಗಿಸಿದ್ರೆ ಎದ್ದು ಕೂರತ್ತೆ."

"ಅಜ್ಜನಿಗಿಂತ ನೀನು ದೊಡ್ಡವನಾ?"

ಡ್ಯಾಶ್‌ಬೋರ್ಡಿನ ಮೇಲಿದ್ದ ಓತಿಕ್ಯಾತ ಹೌದು ಹೌದು ಅಂತ ಮೇಲೆ ಕೆಳಗೆ ತಲೆ ಆಡಿಸಿತು. ಯಾರು ಏನೇ ಹೇಳಲಿ, ಅದು ಹಾಗೇ ತಲೆ ಆಡಿಸುತ್ತಿತ್ತು. ಮುಸುವನಿಗೆ ಇನ್ನೇನೋ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ತಂಪು ಗಾಳಿ ಮುಖಕ್ಕೆ ಬಡಿಯಿತು. ಸೀಟಿಗೆ ಒರಗಿ ಕಣ್ಣು ಮುಚ್ಚಿದ.

ಹೊಂಡದಲ್ಲಿ ಮೀಸೆಯಜ್ಜಿ ಇದ್ದಳು. ಅವಳು ಮುರುಗೋಡು ಮೀನು, ಹೆಂಗಸಾದರೂ ಭರ್ತಿ ಮೀಸೆ. ಅವಳ ಸುತ್ತ ಮರಿಮೀನುಗಳ ಹಿಂಡು. ಬೇಸಿಗೆ ಹುಟ್ಟುವ ಮೊದಲೇ ಬೋಳಯ್ಯ ಮಾತು ಕೊಟ್ಟಿದ್ದ: "ನೀರು ಆ ಕರಿಬಂಡೆ ಬುಡಕ್ಕೆ ಇಳೀಲಿ ಅಜ್ಜಿ. ನಿಮ್ಮನ್ನೆಲ್ಲ ಡ್ರಮ್ಮಿಗೆ ತುಂಬಿ ಗುಡ್ಡದಾಚೆ ಕೆರೆಗೆ ಬಿಟ್ಟು ಬರ್ತೀನಿ. ಗಾಡಿ ಯಾವಾಗಲೂ ರೆಡಿ!"

ಗಾಡಿ ರೆಡಿಯಾಗಿತ್ತು ನಿಜ. ರೆಡಿಯಾಗಿ ರೆಡಿಯಾಗಿಯೇ ಅದಕ್ಕೆ ಸುಸ್ತಾಗಿತ್ತು.

ಒಂದು ಮಧ್ಯಾಹ್ನ ಸ್ಟೀರಿಂಗಿನ ಹಿಂದೆ ಪುಟ್ಟ ಕಿತ್ತಳೆ ಬಣ್ಣದ ದೀಪ ಹತ್ತಿತು.

"ಅಣ್ಣಾ, ದೀಪ!"

"ಹತ್ತಲಿ ಬಿಡೋ. ದೀಪ ಹತ್ತೋದು ಶುಭ." ಬೋಳಯ್ಯ ಮುತ್ತುಗದ ಎಲೆಗೆ ಜೇನು ಸವರಿ ದೀಪದ ಮೇಲೆ ಅಂಟಿಸಿದ. "ಕಣ್ಣಿಗೆ ಹೊಡೀತಿತ್ತು ಅಷ್ಟೆ."

ಆ ದೀಪ ಏನು ಹೇಳುತ್ತಿತ್ತು ಅಂತ ನಿಮಗೆ ಮಾತ್ರ ಹೇಳುತ್ತೇನೆ. ಬೋಳಯ್ಯನನ್ನು ಎಬ್ಬಿಸಬೇಡಿ. ಹೊಸ ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಒಂದು ಫಿಲ್ಟರ್ ಇರುತ್ತದೆ. ಹೊಗೆಯ ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಗಾಡಿ ದೂರ, ಜೋರಾಗಿ ಓಡಿದರೆ ಆ ಫಿಲ್ಟರ್ ಚೆನ್ನಾಗಿ ಕಾದು ಮಸಿ ಸುಟ್ಟುಹೋಗುತ್ತದೆ. ನಿಂತಲ್ಲೇ ಗುರ್ರೆಂದರೆ ಅಷ್ಟು ಕಾಯುವುದೇ ಇಲ್ಲ. ಮಸಿ ಮೇಲೆ ಮಸಿ ಕೂತು ಗಾಡಿಗೆ ಮೂಗು ಕಟ್ಟುತ್ತದೆ. "ನನ್ನನ್ನು ಒಂದು ಸುತ್ತು ಓಡಿಸಿಕೊಂಡು ಬಾರೋ ಮಾರಾಯ" ಅಂತ ದೀಪ ಬೇಡುತ್ತಿತ್ತು. ಮಾರಾಯ ಗೊರಕೆ ಹೊಡೆಯುತ್ತಿದ್ದ.

ಆ ಗುರ್ರ್ರ್ ಇದೆಯಲ್ಲ, ಅದು ಜೋಗುಳದ ಹಾಗೆ. ಗಾಜಿನ ಮೇಲೆ ಮಂಜು ಕೂತು ಹೊರಗಿನ ಕಾಡು ಹಾಲಿನಲ್ಲಿ ನೆಂದಂತೆ ಕಾಣುತ್ತಿತ್ತು. ಬೋಳಯ್ಯನ ಕನಸಿನಲ್ಲಿ ಮೋಡಕ್ಕೆ ಜೇನುಹುಟ್ಟು ಕಟ್ಟಿ, ಮಳೆಯೆಲ್ಲ ಸಿಹಿಯಾಗಿ ಸುರಿಯುತ್ತಿತ್ತು. ಮುಸುವನ ಬಾಲ ಉದ್ದವಾಗುತ್ತಾ ಆಗುತ್ತಾ ಗುಡ್ಡ ಸುತ್ತಿ ಬಂದು ಅವನ ಮೂಗಿಗೇ ಕಚಗುಳಿ ಇಡುತ್ತಿತ್ತು. ಓತಿಕ್ಯಾತ ಕನಸಿನಲ್ಲಿ ಮೊದಲ ಸಲ "ಇಲ್ಲ" ಅಂತ ಹೇಳುತ್ತಿತ್ತು.

ಇತ್ತ ನೀರು ಕರಿಬಂಡೆಯ ಬುಡಕ್ಕೆ ಇಳಿಯಿತು. ಆಮೇಲೆ ಬುಡವೂ ಒಣಗಿತು.

"ಬೋಳಾ! ಏ ಬೋಳಾ!" ಮೀಸೆಯಜ್ಜಿ ಕೂಗಿದಳು. ಗಾಜು ಏರಿತ್ತು. ಗುರ್ರ್ರ್... ಯಾರಿಗೂ ಕೇಳಲಿಲ್ಲ.

ಮುರುಗೋಡು ನೆಲದ ಮೇಲೂ ಸ್ವಲ್ಪ ದೂರ ತೆವಳಬಲ್ಲದು. ಮೀಸೆಯಜ್ಜಿ ಕೆಸರಿನಿಂದ ಎದ್ದು, ಬಿಸಿ ಮಣ್ಣಿನಲ್ಲಿ ಹೊಟ್ಟೆ ಎಳೆದುಕೊಂಡು ಬಂದು, ಗಾಡಿಯ ಬಾಗಿಲಿಗೆ ಬಾಲ ಎತ್ತಿ ಪಟಾರನೆ ಬಾರಿಸಿದಳು.

ಬೋಳಯ್ಯ ಗಾಜು ಇಳಿಸಿದ. "ಏನಜ್ಜಿ, ವಾಕಿಂಗಾ?"

"ವಾಕಿಂಗ್ ನಿನ್ನ ತಲೆ! ಮಕ್ಕಳು ಕೆಸರಲ್ಲಿ ಬಾಯಿ ಬಾಯಿ ಬಿಡ್ತಿದಾವೆ!"

ಬೋಳಯ್ಯನ ನಿದ್ದೆ ಹಾರಿತು. ಉಳಿದ ನೀರಿನ ಸಮೇತ ಮೀನುಗಳನ್ನೆಲ್ಲ ಡ್ರಮ್ಮಿಗೆ ತುಂಬಿ ಗುಡ್ಡದ ದಾರಿ ಹಿಡಿದ.

ಮೊದಲ ತಿರುವಿನಲ್ಲೇ ಗಾಡಿ ತೂಕಡಿಸತೊಡಗಿತು. ಬೋಳಯ್ಯ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದ. ಗಾಡಿ ನಿದ್ದೆಯಲ್ಲಿ ನಡೆಯುವವರ ಹಾಗೆ ಒಂದೊಂದೇ ಹೆಜ್ಜೆ ಇಟ್ಟು, ಕೊನೆಗೆ ನಿಂತಲ್ಲೇ ಗುರ್ರ್ರ್ ಅಂದಿತು. ಅದಕ್ಕೆ ಗೊತ್ತಿದ್ದದ್ದು ಅದೊಂದೇ ತಾನೆ! ದೀಪಕ್ಕೆ ಅಂಟಿಸಿದ್ದ ಎಲೆ ಉದುರಿ ಬಿತ್ತು. ಅದರ ಹಿಂದೆ ಈಗ ಸಾಲು ಸಾಲು ದೀಪ.

"ಶುಭ ಅಂದ್ಯಲ್ಲಣ್ಣಾ," ಮುಸುವ ಅಂದ, "ದೀಪಾವಳಿನೇ ಬಂದಿದೆ."

ಡ್ರಮ್ಮಿನ ನೀರು ಬಿಸಿಯಾಗುತ್ತಿತ್ತು. "ಅಜ್ಜೀ, ಉಸಿರು ಬರ್ತಿಲ್ಲ," ಅಂದಿತು ಒಂದು ಮರಿ.

ಬೋಳಯ್ಯ ಏಸಿ ಬಂದ್ ಮಾಡಿ ಕೆಳಗೆ ಹಾರಿದ. "ಮುಸುವಾ, ಸ್ಟೀರಿಂಗ್ ಹಿಡಿ! ನಾನು ತಳ್ತೀನಿ!" ಮುಸುವ ಸ್ಟೀರಿಂಗ್ ಹಿಡಿದು, ಹಿಂದಿನ ಕಿಟಕಿಯಿಂದ ಬಾಲ ಡ್ರಮ್ಮಿಗೆ ಇಳಿಬಿಟ್ಟು ನೀರು ಕಲಕತೊಡಗಿದ, ಮರಿಗಳಿಗೆ ಒಂದಿಷ್ಟು ಗಾಳಿ ಸಿಗಲಿ ಅಂತ. ದಾರಿಯಲ್ಲಿದ್ದ ಕಾಡುಹಂದಿಯ ಸಂಸಾರವೆಲ್ಲ ಬಂದು ಹೆಗಲು ಕೊಟ್ಟಿತು. ಆನೆ ಎಲ್ಲಿ ಅನ್ನುತ್ತೀರಾ? ನೆಂಟರ ಮನೆಗೆ ಹೋಗಿತ್ತು. ತಳ್ಳೋ ಕೆಲಸ ಬಂದಾಗ ಆನೆ ಯಾವತ್ತೂ ಊರಲ್ಲಿರಲ್ಲ.

"ಐಸಾ!"

ಗೇಣುದ್ದ ಕೂದಲಿನಿಂದ ಬೆವರು ಹೊಳೆಯಾಗಿ ಹರಿಯಿತು. ಮೀಸೆಯಜ್ಜಿ ಡ್ರಮ್ಮಿನಿಂದ ಮುಖ ಹೊರಹಾಕಿದಳು. "ಏ ಬೋಳಾ, ತಳ್ಳೋದು ತಪ್ಪಲಿ ಅಂತ ನಿಮ್ಮಜ್ಜ ಆಫ್ ಮಾಡ್ತಿರಲಿಲ್ಲ. ಆಫ್ ಮಾಡದೇ ಇದ್ದದ್ದಕ್ಕೆ ನೀನು ತಳ್ತಿದೀಯ."

ಬೋಳಯ್ಯ ಇನ್ನೊಂದು "ಐಸಾ" ಕೂಗಿ ಹೆಗಲು ಒತ್ತಿದ.

ಗುಡ್ಡದ ನೆತ್ತಿ ಸಿಕ್ಕಿತು. ಅಲ್ಲಿಂದ ಗಾಡಿ ಬರೀ ಇಳಿಜಾರನ್ನು ನಂಬಿ ಕೆರೆಗೆ ಇಳಿಯಿತು. ಡ್ರಮ್ಮು ಬಗ್ಗಿಸಿದರು. ಮರಿಗಳು ಬೆಳ್ಳಿ ಚೂರುಗಳ ಹಾಗೆ ಚದುರಿ ಹೋದವು. ಒಂದು ಮಾತ್ರ ಹೊಟ್ಟೆ ಮೇಲಾಗಿ ತೇಲಿತು. ಬೋಳಯ್ಯ ಅದನ್ನು ಬೊಗಸೆಯಲ್ಲಿ ಹಿಡಿದು ತಂಪು ನೀರಿನಲ್ಲಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿದ. ಆಡಿಸುತ್ತಲೇ ಇದ್ದ.

ಬಾಲ ಒಮ್ಮೆ ಅಲ್ಲಾಡಿತು. ಇನ್ನೊಮ್ಮೆ. ಮರಿ ಬೊಗಸೆಯಿಂದ ಜಾರಿ ಆಳಕ್ಕೆ ಇಳಿಯಿತು.

ಬೋಳಯ್ಯ ಕೀಲಿ ತಿರುಗಿಸಿ ಗಾಡಿ ಆಫ್ ಮಾಡಿದ. ಆಗ, ಇಡೀ ಬೇಸಿಗೆಯಲ್ಲಿ ಮೊದಲ ಸಲ, ಅವರಿಗೆ ಕಾಡು ಕೇಳಿಸಿತು. ದಡಕ್ಕೆ ನೀರು ತಾಗುವ ಸದ್ದು. ದೂರದಲ್ಲೊಂದು ಕೋಗಿಲೆ. ಎಲೆಯ ಮೇಲೆ ಎಲೆ ಬೀಳುವ ಸದ್ದು ಕೂಡ.

ಸ್ವಲ್ಪ ಹೊತ್ತಾದ ಮೇಲೆ ಬೋಳಯ್ಯ ಬೆವರು ಒರೆಸಿಕೊಂಡು ಕೇಳಿದ, "ಸೆಖೆ ಕಣ್ರೋ. ಸುಮ್ನೆ ಸ್ಟಾರ್ಟ್ ಮಾಡಿ ಒಂಚೂರು ಕೂರೋಣ್ವಾ?"

ಎಲ್ಲರೂ ಓತಿಕ್ಯಾತನ ಕಡೆ ನೋಡಿದರು.

ಓತಿಕ್ಯಾತ ತಲೆ ಎತ್ತಿತು. ಮೇಲೆ ಕೆಳಗೆ ಅಲ್ಲ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿತು.

ಬೋಳಯ್ಯ ಕೀಲಿ ಕಿತ್ತು ಪಕ್ಕಕ್ಕಿಟ್ಟು, ಕೂದಲಿನ ಸಮೇತ ಕೆರೆಗೆ ದುಡುಮ್ ಅಂತ ಹಾರಿದ.

ನೀತಿ: ಅಜ್ಜನ ಬುದ್ಧಿ ಅಜ್ಜನ ಗಾಡಿಗೇ ಸರಿ; ನಿಂತಲ್ಲೇ ಗುರ್ರೆನ್ನುತ್ತಾ ಸಿದ್ಧನಿದ್ದೇನೆ ಅನ್ನುವವನು ಹೊರಡಬೇಕಾದ ದಿನ ಗುಡ್ಡ ಹತ್ತಲಾರ.