ಗ್ರಿಜೆಲಮ್ಮನ ನಾಲ್ಕನೇ ಅರ್ಜಿ

ಒಂದಾನೊಂದು ಕಾಲ ಅಂದ್ರೆ ಎಷ್ಟು ಹಳೇ ಕಾಲ ಅಂತ ಕೇಳ್ಬೇಡ ಮಗಾ, ನನಗೂ ಗೊತ್ತಿಲ್ಲ. ನಮ್ಮಜ್ಜಿ ಬಳ್ಳಾರಿ ದಂಡಿನಲ್ಲಿ ಒಬ್ಬ ದೊರೆಸಾನಿಯ ಮಕ್ಕಳನ್ನ ಆಡಿಸ್ತಿದ್ಲು. ಆ ದೊರೆಸಾನಿ ತನ್ನ ಮಕ್ಕಳಿಗೆ ಹೇಳ್ತಿದ್ದ ಕತೆ ಇದು, ನಮ್ಮಜ್ಜಿ ಬಾಗಿಲ ಸಂದೀಲಿ ನಿಂತು ಅರ್ಧ ಕೇಳಿಸ್ಕೊಂಡು, ಅರ್ಧ ತಾನೇ ಸೇರಿಸಿದ್ಲು. ಕಾಲು ಹೊದಿಕೆ ಒಳಗಿಟ್ಕೊ. ಚಳಿ ದೇಶದ ಕತೆ.

ಸಮುದ್ರದಾಚೆ ಸ್ಕಾಟ್ಲೆಂಡು ಅಂತ ಒಂದು ದೇಶ ಇತ್ತಂತೆ. ಅಲ್ಲಿ ಗದ್ದೆ ಇಲ್ಲ, ಭತ್ತ ಇಲ್ಲ, ಬೆಟ್ಟದ ತುಂಬ ಕುರಿ, ಕುರಿ ಬೆನ್ನ ಮೇಲೆಲ್ಲ ಹಿಮ. ಆ ದೇಶಕ್ಕೊಬ್ಬ ರಾಜ ಇದ್ದ, ಆದ್ರೆ ಅವನಿಗೆ ದಕ್ಷಿಣದಲ್ಲಿ ಇನ್ನೂ ದೊಡ್ಡ ರಾಜ್ಯ ಒಂದು ಸಿಕ್ಕಿ ಅಲ್ಲಿಗೇ ಹೋಗಿ ಕೂತ್ಬಿಟ್ಟ. ಅಲ್ಲಿಂದ ಕಾಗದ ಬರೆದು ಕಳಿಸ್ತಿದ್ದ, ಇಲ್ಲಿ ಹಿರಿಯರ ಸಭೆ ಅಂತ ಒಂದಿತ್ತು, ಅವರು ಆ ಕಾಗದ ನೋಡ್ಕೊಂಡು ರಾಜ್ಯ ನಡೆಸ್ತಿದ್ರಂತೆ. ನೋಡು ಸೋಜಿಗ, ರಾಜ ಊರಲ್ಲೇ ಇಲ್ಲ, ಅವನ ಅಕ್ಷರ ಕಂಡ್ರೇ ಇಡೀ ದೇಶ ಗಡಗಡ ನಡುಗ್ತಿತ್ತಂತೆ!

ಆ ದೇಶದ ಒಂದೂರಲ್ಲಿ ನಿನಿಯನ್ ಅಂತ ಒಬ್ಬ, ಅವನ ಹೆಂಡ್ತಿ ಗ್ರಿಜೆಲ್, ಅವರಿಗೆ ಮೂರು ಮಕ್ಕಳು. ಎದುರು ಮನೆಯಲ್ಲಿ ಮಂಗೊ ಅಂತ ನೇಕಾರ. ನಗಬೇಡ ಕಣೆ, ಮಂಗ ಅಲ್ಲ, ಮಂಗೊ. ಅಲ್ಲಿ ಅದು ಯಾರೋ ದೊಡ್ಡ ಸಾಧುವಿನ ಹೆಸರಂತೆ. ನಿನಿಯನ್ನನ ಒಡೆಯನಿಗೂ ಪಕ್ಕದ ಸೀಮೆ ಒಡೆಯನಿಗೂ ತಾತನ ಕಾಲದ ದ್ವೇಷ. ಒಂದು ಸಂತೆ ದಿನ ಎರಡೂ ಕಡೆಯವರು ಕತ್ತಿ ಹಿರಿದ್ರು, ನಿನಿಯನ್ ನಮ್ಮೊಡೆಯ ನಮ್ಮೊಡೆಯ ಅಂತ ಕೂಗ್ತಾ ಕುರುಡನ ಹಾಗೆ ಕತ್ತಿ ಬೀಸಿದ, ಅದು ಹೋಗಿ ಬಿದ್ದಿದ್ದು ಮಂಗೊನ ಬಲಗೈ ಮೇಲೆ. ಪಾಪ, ಅವನು ನೂಲು ಕೊಳ್ಳೋಕೆ ಬಂದಿದ್ದೋನು. ಮಣಿಕಟ್ಟಿಂದ ಕೈ ಹೋಗೇಬಿಡ್ತು. ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ ಹಾಗೇ ನಿಂತುಹೋಯ್ತು.

ಆಮೇಲೆ ಸಭೆಯವರು ನಿನಿಯನ್ನನ್ನ ಹಿಡಿದು ಪಟ್ಟಣದ ಸೆರೆಮನೆಗೆ ಹಾಕಿದ್ರಂತೆ. ಎಷ್ಟು ದಿನ ಅಂತ ಹೇಳೋದೇ ಇಲ್ಲ, ನಮಗೆ ಬಿಡ್ಬೇಕು ಅನ್ನಿಸೋ ತನಕ ಅಂದ್ರಂತೆ. ಹೊರಗೆ ಬರೋಕೆ ಒಂದೇ ದಾರಿ, ಅರ್ಜಿ. ಗ್ರಿಜೆಲ್‌ಗೆ ಓದು ಬರಹ ಇಲ್ಲ, ಪಟ್ಟಣದಲ್ಲಿ ಅರ್ಜಿ ಬರೆಯೋನೊಬ್ಬ ಇದ್ದ, ಅವನ ಹತ್ರ ಬರೆಸಿದ್ಲು. ಮಹಾಪ್ರಭುಗಳ ಪಾದಕ್ಕೆ ಬಿದ್ದು ಬೇಡಿಕೊಳ್ತೀನಿ, ನನ್ನ ಗಂಡ ಏನೂ ತಪ್ಪು ಮಾಡಿಲ್ಲ, ಮಕ್ಕಳು ಹಸಿದಿವೆ, ಬಿಟ್ಬಿಡಿ ಅಂತ. ಅದನ್ನ ಎದೆಗವಚಿಕೊಂಡು ಹೊರಟ್ಲು. ಊರಿಂದಾಚೆ ಹೋಗ್ಬೇಕು ಅಂದ್ರೆ ಮಂಗೊನ ಬಾಗಿಲ ಮುಂದೇನೇ ಹಾದು ಹೋಗ್ಬೇಕು. ಶಾಲನ್ನ ಮುಖದ ಮೇಲೆಳ್ಕೊಂಡು ಬಿರಬಿರನೆ ಹೋದ್ಲಂತೆ. ಸಭೆಯವರು ಓದಿದ್ರು. ಇವನು ತಪ್ಪೇ ಮಾಡಿಲ್ಲ ಅಂದ್ರೆ ತಪ್ಪು ಮಾಡಿದ್ದು ನಾವೇನಮ್ಮ, ಅಂತ ಕಾಗದ ವಾಪಸ್ ಕೊಟ್ಬಿಟ್ರು.

ಆಮೇಲೆ ಎರಡನೇ ಅರ್ಜಿ. ಈ ಸಲ ಗಂಡನ ಒಡೆಯನ ಹತ್ರ ಹೋಗಿ ಎರಡು ಮಾತು ಬರೆಸ್ಕೊಂಡ್ಲು, ಇವನು ನನ್ನ ಆಳು, ನಂಬಿಗಸ್ತ ಅಂತ. ಅದನ್ನೂ ಅರ್ಜಿಗೆ ಸೇರಿಸಿ, ಮತ್ತೆ ಶಾಲೆಳ್ಕೊಂಡು ಮಂಗೊನ ಬಾಗಿಲು ದಾಟಿ ಹೋದ್ಲು. ಸಭೆಯವರಿಗೆ ಆ ಒಡೆಯನ ಹೆಸರು ಕಂಡ ತಕ್ಷಣ ಉರಿದುಹೋಯ್ತು. ಎಲ್ಲ ಜಗಳದ ಬೇರು ಅವನೇ! ಬಿಡೋದಿರ್ಲಿ, ನಿನಿಯನ್ನನ್ನ ಪಟ್ಟಣದಿಂದ ಎತ್ತಿ ಸಮುದ್ರದ ನಡುವಿನ ಬಂಡೆ ಕೋಟೆಗೆ ಹಾಕಿದ್ರಂತೆ. ಅಯ್ಯೋ, ಆ ಬಂಡೆ! ಸುತ್ತ ಕಪ್ಪು ನೀರು, ಮೇಲೆ ಬಿಳೀ ಹಕ್ಕಿ, ಲಕ್ಷಾಂತರ, ಬಂಡೆಯೇ ಕಾಣದ ಹಾಗೆ. ಗ್ರಿಜೆಲ್ ದಡದಲ್ಲಿ ನಿಂತು ಗಂಡನ ಹೆಸರು ಕೂಗಿದ್ರೆ ಹಕ್ಕಿಗಳ ಗಲಾಟೇಲಿ ಅವಳ ದನಿ ಅವಳಿಗೇ ಕೇಳಿಸ್ಲಿಲ್ಲ. ಒಂದು ಕಿಂಡಿಯಿಂದ ಯಾರೋ ಅಂಗಿ ಬೀಸಿದ ಹಾಗಾಯ್ತು. ಅದು ಅವನೇನಾ, ಅಲ್ಲ ಹಕ್ಕಿ ರೆಕ್ಕೆಯಾ ಅಂತ ಗೊತ್ತಾಗದೆ ಅಲ್ಲೇ ಕೂತು ಅತ್ಲಂತೆ.

ಆಮೇಲೆ ಕಣ್ಣೊರೆಸ್ಕೊಂಡು, ಇನ್ನು ರಾಜನೇ ಗತಿ ಅಂದ್ಲು. ಮೂರನೇ ಅರ್ಜಿ ಬರೆಸಿದ್ಲು, ಮಕ್ಕಳನ್ನ ತಂಗಿ ಮನೇಲಿ ಬಿಟ್ಲು, ಮೂರನೇ ಸಲ ಮಂಗೊನ ಬಾಗಿಲು ದಾಟಿದ್ಲು. ನಲವತ್ತು ದಿನ ನಡೆದ್ಲಂತೆ ಮಗಾ, ಬರೀ ಕಾಲಲ್ಲಿ! ಹೊಳೆ ದಾಟಿದ್ಲು, ಗಡಿ ದಾಟಿದ್ಲು, ತಿರುಪೆ ಎತ್ತಿ ತಿಂದ್ಲು. ಅರಮನೆ ನೋಡಿ ಬಾಯಿ ತೆರೆದೋಳು ಮುಚ್ಚಲೇ ಇಲ್ವಂತೆ. ರಾಜ ಅಂದ್ರೆ ಎಂಟಡಿ ಇರ್ತಾನೆ ಅಂದ್ಕೊಂಡಿದ್ಲು, ಇವನು ನೆಗಡಿ ಆಗಿ ಮೂಗೊರೆಸ್ಕೊಳ್ತಾ ಕೂತಿದ್ನಂತೆ. ಹಾಲು ಉಕ್ಕೋವಷ್ಟು ಹೊತ್ತು ಮಾತ್ರ ಅವಳ ಕಡೆ ನೋಡಿದ, ಎರಡು ಸಾಲು ಗೀಚಿ ಮೊಹರು ಒತ್ತಿ ಕೊಟ್ಟ. ಅದನ್ನ ಬಿಚ್ಚೋ ಹಾಗಿಲ್ಲ. ಮತ್ತೆ ನಲವತ್ತು ದಿನ, ಸೊಂಟದಲ್ಲಿ ರಾಜನ ಕಾಗದ ಕಟ್ಕೊಂಡು ವಾಪಸ್ ನಡೆದ್ಲು.

ಸಭೆಯವರು ಎಲ್ರೂ ಎದ್ದು ನಿಂತು ಮೊಹರು ಒಡೆದ್ರಂತೆ. ಏನಿತ್ತು ಗೊತ್ತಾ? ಯಾರಿಗೆ ನೋವಾಗಿದೆಯೋ ಅವನು ಒಪ್ಪಿ ರುಜು ಹಾಕಿದ ಪತ್ರ ತಂದ್ರೆ, ಇವನನ್ನ ಬಿಡಿ.

ಅಷ್ಟೇ! ಅದು ಆ ದೇಶದ ಹಳೇ ಪದ್ಧತಿ ಅಂತೆ, ಗ್ರಿಜೆಲ್‌ಗೂ ಗೊತ್ತಿದ್ದಿದ್ದೇ. ಗೊತ್ತಿದ್ದೂ ಎದುರು ಮನೆ ಬಿಟ್ಟು ಅರಮನೆಗೆ ಹೋದ್ಲು. ಯಾಕೆ ಅಂತೀಯಾ? ರಾಜನ ಮುಖ ನೋಡೋದು ಸುಲಭ ಕಣೆ. ನಮ್ಮಿಂದ ನೊಂದೋರ ಮುಖ ನೋಡೋದಿದೆಯಲ್ಲ, ಅದಕ್ಕೆ ಎಂಟೆದೆ ಬೇಕು.

ಅರ್ಜಿ ಬರೆಯೋನನ್ನ ಜೊತೆಗೆ ಕರ್ಕೊಂಡು ಊರಿಗೆ ಬಂದ್ಲು. ಮಂಗೊನ ಬಾಗಿಲು ತೆರೆದೇ ಇತ್ತು. ಒಳಗೆ ಮಗ್ಗದ ಮುಂದೆ ಸುಮ್ನೆ ಕೂತಿದ್ದ. ಬಾ ಗ್ರಿಜೆಲಮ್ಮ ಅಂದ ಮಂಗೊ, ನೀನು ಮೂರು ಸಲ ಹಾದು ಹೋಗಿದ್ದು ನಾನು ನೋಡ್ದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ನಿನ್ನ ಕಾಲಲ್ಲಿ ಜೋಡು ಇರ್ಲಿಲ್ಲ, ಅದು ಕಾಣಿಸ್ತು. ಮೂರನೇ ಸಲದಿಂದ ಬಾಗಿಲು ಹಾಕ್ಲಿಲ್ಲ. ಆ ಮೂರು ಅರ್ಜಿ ಇವೆಯಲ್ಲ, ಓದಿಸು, ಕೇಳ್ತೀನಿ ಅಂದ್ನಂತೆ.

ಬರೆಯೋನು ತನ್ನ ಹತ್ರ ಇಟ್ಕೊಂಡಿದ್ದ ನಕಲು ತೆಗೆದು ಓದಿದ. ಮಹಾಪ್ರಭುಗಳು ಇದ್ರು, ದೇವರು ಇದ್ದ, ಹಸಿದ ಮಕ್ಕಳು, ಒಡೆಯನ ಕೀರ್ತಿ, ಸೆರೆಮನೇಲಿ ನಿನಿಯನ್ನನಿಗೆ ಹತ್ತಿದ ಕೆಮ್ಮು, ಎಲ್ಲ ಇತ್ತು. ಮಂಗೊ ಕೊನೇವರೆಗೂ ಕೇಳಿ, ನನ್ನ ಕೈ ಎಲ್ಲಮ್ಮ ಇದರಲ್ಲಿ ಅಂದ.

ಗ್ರಿಜೆಲ್ ಆ ಮೂರು ಕಾಗದಾನೂ ಪಕ್ಕಕ್ಕಿಟ್ಲು. ಆಮೇಲೆ ಬರೆಯೋನ ಕಡೆ ತಿರುಗಿ, ಹೊಸದು ಬರಿ ಅಂದ್ಲು. ನನ್ನ ಗಂಡ ನಿನಿಯನ್, ನೇಕಾರ ಮಂಗೊನ ಬಲಗೈ ತೆಗೆದ. ಮಂಗೊ ಯಾರ ಜಗಳಕ್ಕೂ ಬಂದೋನಲ್ಲ. ಒಂದು ವರ್ಷದಿಂದ ಅವನ ಮಗ್ಗ ನಿಂತಿದೆ. ನಾನು ಎದುರು ಮನೆಯೋಳು, ಒಂದು ದಿನ ಬಂದು ಹೇಗಿದ್ದೀಯ ಅಂತ ಕೇಳ್ಲಿಲ್ಲ. ಬರೆಯೋನು ಗಾಬರಿಯಾಗಿ, ಹೀಗೆ ಬರೆದ್ರೆ ನಿಮಗೇ ಮುಳುವಾಗುತ್ತಲ್ಲಮ್ಮ ಅಂದ. ಬರಿಯಪ್ಪ ನೀನು, ಅಂದ್ಲಂತೆ ಅವಳು.

ನಿನಿಯನ್ನನ್ನ ಬಿಡೋಕೆ ನಾನು ಒಪ್ಪಿದ್ದೀನಿ ಅಂತಾನೂ ಸೇರಿಸು ಅಂದ ಮಂಗೊ. ಕೊನೆಗೆ ಅವನು ರುಜು ಹಾಕ್ಬೇಕು. ಬರಹ ಬಾರದೋರ ಕೈಗೆ ಲೇಖನಿ ಕೊಟ್ಟು, ಬರೆಯೋನು ಅವರ ಕೈ ಹಿಡಿದು ಹೆಸರು ಬರೆಸೋದು ಅಲ್ಲಿನ ಪದ್ಧತಿ. ನಿನಗೆ ಅಕ್ಕಿ ಮೇಲೆ ಅಕ್ಷರ ತಿದ್ದಿಸಿದ್ರಲ್ಲ, ಹಾಗೆ. ಬರೆಯೋನು ಮುಂದೆ ಬಂದ. ಮಂಗೊ ಎಡಗೈಲಿ ಲೇಖನಿ ಹಿಡಿದು, ನೀನಲ್ಲ, ಅವಳು ಹಿಡೀಲಿ ಅಂದ. ಗ್ರಿಜೆಲ್‌ಗೂ ಅಕ್ಷರ ಬರಲ್ಲ, ಅವನಿಗೂ ಬರಲ್ಲ. ಅವನ ಎಡಗೈ ಮೇಲೆ ಅವಳು ಕೈ ಇಟ್ಲು, ಅವಳ ಕೈ ಮೇಲೆ ಬರೆಯೋನು ಕೈ ಇಟ್ಟ. ಮೂರು ಕೈ ಸೇರಿ ಸೊಟ್ಟಸೊಟ್ಟಗೆ ಒಂದು ಹೆಸರು ಬರೆದ್ವು. ಇದನ್ನ ಹೇಳುವಾಗ ನಮ್ಮಜ್ಜಿ ಕೈ ಮುಗೀತಿದ್ಲು ಮಗಾ, ನನಗೂ ಮೈ ಜುಮ್ಮನ್ನುತ್ತೆ.

ಸಭೆಯವರು ಆ ಅರ್ಜಿ ಓದಿ, ಇವನನ್ನ ಬಿಡಿ ಅಂತ ಅಪ್ಪಣೆ ಕೊಟ್ರಂತೆ. ಬಂಡೆ ಕೋಟೆಗೆ ದೋಣಿ ಹೋಯ್ತು. ಗಡ್ಡ ಬಿಟ್ಟು ಕಡ್ಡಿಯಾಗಿದ್ದ ನಿನಿಯನ್ ಊರಿಗೆ ಬಂದ, ಮಕ್ಕಳು ಓಡಿಬಂದು ಕಾಲು ತಬ್ಕೊಂಡ್ವು. ಅವರನ್ನ ಎತ್ತಿ ಮುತ್ತಿಟ್ಟು ಕೆಳಗಿಳಿಸಿ, ಮನೆ ಒಳಗೆ ಹೋಗ್ದೆ ನೆಟ್ಟಗೆ ಎದುರು ಮನೆಗೆ ಹೋದ. ಮಗ್ಗದ ಬಲಗಡೆ ಕೂತ. ನೂಲು ತುಂಬಿದ ಲಾಳಿ ತಗೊಂಡು ಬಲಗೈಲಿ ಎಸೆದ, ಮಂಗೊ ಎಡಗೈಲಿ ಹಿಡಿದ. ಮೊದಲ ದಿನ ಲಾಳಿ ಬರೀ ನೆಲಕ್ಕೇ ಬೀಳ್ತಿತ್ತಂತೆ, ಮಂಗೊ ಬಾಯಿಗೆ ಬಂದ ಹಾಗೆ ಬೈದ್ನಂತೆ. ಮಾರನೇ ದಿನವೂ ಬೈದ. ಮೂರನೇ ದಿನ ಲಾಳಿ ಕೈ ಸೇರ್ತು, ಸೇರಿದ್ದು ನಿಲ್ಲಲೇ ಇಲ್ಲ, ಎರಡೂ ಮನೆಗೆ ಅನ್ನ ಹುಟ್ತು. ಆ ಹಳೇ ಕಂಬಳಿಯಲ್ಲಿ ಮಾತ್ರ ನಡುವೆ ಒಂದು ಸೊಟ್ಟ ಗೆರೆ ಉಳೀತಂತೆ, ಒಬ್ಬನ ನೇಯ್ಗೆ ನಿಂತು ಇಬ್ಬರ ನೇಯ್ಗೆ ಶುರುವಾದ ಜಾಗದಲ್ಲಿ.

ಏನು? ನಿನಿಯನ್ ತಪ್ಪಾಯ್ತು ಅಂತ ಹೇಳಿದ್ನಾ ಅಂತೀಯಾ? ಹೇಳಿದ್ನೋ ಇಲ್ವೋ, ನಮ್ಮಜ್ಜಿ ಹೇಳ್ಲಿಲ್ಲ. ದಿನಾ ಬೆಳಿಗ್ಗೆ ಮಂಗೊ ಏಳೋಕೆ ಮುಂಚೆ ಬಂದು ಮಗ್ಗದ ಮುಂದೆ ಕೂತಿರ್ತಿದ್ನಂತೆ, ಮುದುಕ ಆಗೋ ತನಕ. ಕತೆ ಅಲ್ಲಿಗಾಯ್ತು. ಮಲಗು. ನಾಳೆ ಎದ್ದ ತಕ್ಷಣ, ನೀನು ಹರಿದ್ಯಲ್ಲ ಪಕ್ಕದ ಮನೆ ಹುಡುಗನ ಗಾಳಿಪಟ, ಅದನ್ನ ತಗೊಂಡು ಮೊದಲು ಅವನ ಹತ್ರ ಹೋಗು, ತಪ್ಪಾಯ್ತು ಅಂತ ಕೈ ಮುಗಿಯೋಕೆ ದೇವರ ಮನೆಗೆ ಆಮೇಲೆ ಹೋಗುವಿಯಂತೆ.