ಲೇಬಲ್ ಉದುರಿದ ಬಾಟಲಿ

"ತಮ್ಮಾ, ಕಿಟಕಿಗೆ ಯಾವ ಕಡೆಯಿಂದ ಹೋಗಬೇಕು?" ಊರೆಲ್ಲ ಸುತ್ತಿ, ಕಾಲೇಜಿನ ಪ್ರಯೋಗಾಲಯದಲ್ಲಿ ದಾರಿ ತಪ್ಪಿದ್ದ ಹಲ್ಲಿ ಕಪಾಟಿನ ಬಾಟಲಿಯನ್ನು ಕೇಳಿತು.

"ಎಡಕ್ಕೆ ಹೋಗಕ್ಕಾ. ಮುಂದಿರುವ ಹನಿಯನ್ನು ಮಾತ್ರ ತುಳಿಯಬೇಡ. ಅದು ನನ್ನೊಳಗಿನ ಸಲ್ಫ್ಯೂರಿಕ್ ಆಸಿಡ್."

ಹಲ್ಲಿ ಎತ್ತಿದ ಕಾಲನ್ನು ಹಿಂದಕ್ಕೆಳೆದುಕೊಂಡಿತು. "ಕಾಲು ಉಳಿಸಿದೆ, ನಿನ್ನ ಋಣ ನನ್ನ ಮೇಲಿದೆ. ಆದರೆ ಮೈಮೇಲೆ ಹೆಸರೇ ಇಲ್ಲವಲ್ಲ ಮಾರಾಯ?"

"ಲೇಬಲ್ ಉದುರಿಹೋಯಿತು. ನೋಡಿದವರೆಲ್ಲ ನೀರು ಅಂದುಕೊಳ್ಳುತ್ತಾರೆ. ಯಾರನ್ನು ಸುಡುತ್ತೇನೋ ಅಂತ ಎದೆ ಡವಡವ ಅನ್ನುತ್ತಿದೆ."

ಅಷ್ಟರಲ್ಲಿ ಮೇದಿನಿ ಎಂಬ ವಿದ್ಯಾರ್ಥಿನಿ ಬಂದಳು. "ನೀರು ಇಲ್ಲೇ ಇದೆ ಕಣೇ," ಎಂದು ಗೆಳತಿಗೆ ಕೂಗಿ, ಬರಿಗೈಯಲ್ಲೇ ಬಾಟಲಿಯ ಮುಚ್ಚಳ ತಿರುಗಿಸತೊಡಗಿದಳು.

"ಅಕ್ಕಾ, ಏನಾದರೂ ಮಾಡು!"

ಹಲ್ಲಿ ಮೇದಿನಿಯ ಭುಜಕ್ಕೆ ಹಾರಿತು. "ಅಯ್ಯೋ, ಮೈಮೇಲೆ ಹಲ್ಲಿ ಬಿತ್ತು ಮೇಡಂ!" ಹೆಸರಿಲ್ಲದ ಬಾಟಲಿಗೆ ಹೆದರದವಳು ಹಲ್ಲಿಯನ್ನು ಕೊಡವಿ ಓಡಿದಳು.

ಧಾವಿಸಿ ಬಂದ ಮೇಡಂ ಬಾಟಲಿಯನ್ನು ಕಂಡು ಬೆಚ್ಚಿದರು. "ಲೇಬಲ್ ಎಲ್ಲಿ? ಇದನ್ನು ಯಾರೂ ಮುಟ್ಟಬೇಡಿ!"

ಕೊಡವಿದ ರಭಸಕ್ಕೆ ಕಳಚಿದ ಬಾಲ ನೆಲದ ಮೇಲೆ ಕುಣಿಯುತ್ತಿತ್ತು. ಹಲ್ಲಿ ಕಿಟಕಿಯೇರಿ, "ಋಣ ತೀರಿತಪ್ಪ. ನನ್ನ ಬಾಲ ಮತ್ತೆ ಬೆಳೆಯುತ್ತದೆ, ಆ ಹುಡುಗಿಯ ಕೈ ಬೆಳೆಯುತ್ತಿರಲಿಲ್ಲ," ಎಂದು ಹೊರಟುಹೋಯಿತು.