ಕದದ ಮೇಲಿನ ಸಿಂಬಿ

"ಗುರುಗಳೇ, ಇಷ್ಟೆಲ್ಲ ಅಣಿ ಮಾಡಿಕೊಂಡು ಕಾದರೂ ದೇವರು ನನ್ನ ಬಳಿ ಯಾಕೆ ಬರಲಿಲ್ಲ?" ಎಂದು ರೇವಯ್ಯ ಕೇಳಿದ.

ರೇವಯ್ಯ ಮಠದ ಶಿಷ್ಯ. ದೇವರು ಒಂದು ಸಲವಾದರೂ ಬಂದು ಮಾತಾಡಿಸಲಿ ಎಂದು ನಲವತ್ತೆಂಟು ದಿನದ ಮೌನ ಹಿಡಿದಿದ್ದ. ಆ ದಿನ ಮಧ್ಯಾಹ್ನಕ್ಕೆ ಅದು ಮುಗಿದಿತ್ತು. ಬಾಯಿ ಬಿಟ್ಟ ಮೊದಲ ಮಾತೇ ಈ ದೂರು.

"ನನ್ನ ಮೌನದಲ್ಲಿ ಒಂದು ಕುಂದೂ ಇಲ್ಲ," ಎಂದು ಅವನು ಮುಂದುವರಿಸಿದ. "ಬೆಳಿಗ್ಗೆ ನಮ್ಮಣ್ಣ ಬಂದ. ಮೂರು ವರ್ಷದ ಮೇಲೆ ಬಂದವನು. ಜಗಲಿಯ ಮೇಲೆ ಕೂತೇ ಇದ್ದ, ಈಗಷ್ಟೇ ಎದ್ದು ಹೋದ. ನಾನು ಕಣ್ಣೆತ್ತಿ ಸಹ ನೋಡಲಿಲ್ಲ."

ಗುರುಗಳು ಹರಿದ ಜೋಳಿಗೆಗೆ ತೇಪೆ ಹಾಕುತ್ತಿದ್ದರು. ಸೂಜಿಯಿಂದ ಕಣ್ಣು ತೆಗೆಯದೆ, "ಕೂತುಕೋ. ದೊಡ್ಡ ಕತೆಯೇನಲ್ಲ," ಎಂದರು.

ಒಂದು ಊರಿನಲ್ಲಿ ಒಬ್ಬ ಅಕ್ಕ ಇದ್ದಳು. ಅವಳ ತಂಗಿ ಹೊಳೆಯಾಚೆಯ ಊರಿನಲ್ಲಿದ್ದಳು. ತಾಯಿ ತೀರಿಕೊಂಡಾಗ ತಂಗಿ ಮಣ್ಣಿಗೆ ಒದಗಲಿಲ್ಲ. ಹೊಳೆ ತುಂಬಿ ದೋಣಿ ನಿಂತಿತ್ತು, ಮರುದಿನ ಬಂದಳು. ಅಕ್ಕ ಕಾರಣ ಕೇಳಲಿಲ್ಲ. "ಈಗ ಯಾರನ್ನ ನೋಡಾಕ ಬಂದಿ?" ಎಂದವಳೇ ಮುಖದ ಮೇಲೆ ಕದ ಹಾಕಿಕೊಂಡಳು.

ಹನ್ನೆರಡು ವರ್ಷ ಹೋಯಿತು. ಅಕ್ಕನ ಸಿಟ್ಟು ಮೊದಲ ವರ್ಷವೇ ಕರಗಿತ್ತು. ಉಳಿದ ಹನ್ನೊಂದು ವರ್ಷ ನಾಚಿಕೆ. ಸಿಟ್ಟಿಗಿಂತ ನಾಚಿಕೆ ಹೆಚ್ಚು ದಿನ ಬಾಳುತ್ತದೆ, ರೇವಯ್ಯ, ಅದು ನಿನಗೂ ಗೊತ್ತಿರಬೇಕು.

ಆಮೇಲೊಂದು ದಿನ ಪಾತ್ರೆಗೆ ಕಲಾಯಿ ಹಾಕುವವನೊಬ್ಬ ಸುದ್ದಿ ತಂದ. ತಂಗಿ ಗಂಡನ ಜೊತೆ ದೂರದ ಕಡಲ ಸೀಮೆಗೆ ಹೋಗಿ ನೆಲೆಸುತ್ತಾಳೆ. ಹೋಗುವ ಮೊದಲು, ಹುಣ್ಣಿಮೆಯ ದಿನ, ಅಕ್ಕನ ಮುಖ ನೋಡಲು ಬರುತ್ತಾಳೆ.

ಅಕ್ಕನಿಗೆ ಸಂತೋಷಕ್ಕಿಂತ ಭಯ ಹೆಚ್ಚಾಯಿತು. ತಪ್ಪಾಯಿತು ಎನ್ನಲು ಬಾಯಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಾಯಿಯ ಕೆಲಸವನ್ನು ಕೈಯಿಂದ ಮಾಡಿಸಬಹುದೆಂದುಕೊಂಡಳು. ಅಟ್ಟದಿಂದ ತಾಯಿಯ ಸಿಂಬಿ ತೆಗೆದಳು. ನೀರಿನ ಕೊಡದ ಕೆಳಗೆ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದ ಹುಲ್ಲಿನ ಬಳೆ ಅದು. ಅದಕ್ಕೆ ಉಲ್ಲನ್ನಿನ ಹೊದಿಕೆ ಹೆಣೆದು ಮುಂಬಾಗಿಲಿಗೆ ತೂಗುಹಾಕಬೇಕು. ಬಂದ ಕೂಡಲೇ ತಂಗಿ ಅದನ್ನು ನೋಡಬೇಕು, ಗುರುತು ಹಿಡಿಯಬೇಕು. ಅಷ್ಟಾದರೆ ಮಾತೇ ಬೇಡ.

ಕೊಕ್ಕೆ ಸೂಜಿಯ ಹೆಣಿಕೆಯನ್ನು ತಾಯಿ ಇಬ್ಬರಿಗೂ ಕಲಿಸಿದ್ದಳು. ಕೆಲಸ ಸಲೀಸು. ಅಂಗೈ ಅಗಲದ ಪಟ್ಟಿಯನ್ನು ಸಾಲಿನ ಮೇಲೆ ಸಾಲು ಹೆಣೆಯುತ್ತ ಹೋಗುವುದು. ಸಿಂಬಿಯ ಸುತ್ತಳತೆಗಿಂತ ನಾಲ್ಕು ಬೆರಳು ಕಡಿಮೆ ಇರುವಾಗಲೇ ನಿಲ್ಲಿಸುವುದು, ಎಳೆದು ಹೊದಿಸಿದರೆ ಬಿಗಿಯಾಗಿ ಕೂರುತ್ತದೆ. ಹಿಂದೆ ಹೊಲಿಗೆ, ಮುಂದೆ ನಾಲ್ಕು ಹೂವು. ಮೂರು ದಿನದ ಕೆಲಸ.

ಅವಳು ಹದಿನಾಲ್ಕು ದಿನ ಮಾಡಿದಳು. ಒಂದು ಕುಣಿಕೆ ಸಡಿಲವಾಯಿತೆಂದು ಇಡೀ ಪಟ್ಟಿಯನ್ನು ಬಿಚ್ಚಿದಳು. ಬಣ್ಣ ಹೊಂದಲಿಲ್ಲವೆಂದು ಇನ್ನೊಮ್ಮೆ ಬಿಚ್ಚಿದಳು. ಆ ಹೆಣಿಕೆ ಬಿಚ್ಚುವುದು ಬಹಳ ಸುಲಭ, ಎಳೆಯ ತುದಿ ಹಿಡಿದು ಎಳೆದರೆ ಸಾಕು. ಸದ್ದೂ ಆಗುವುದಿಲ್ಲ.

ಹೆಣೆಯುತ್ತ ಹೆಣೆಯುತ್ತ ಅವಳ ಕಣ್ಣು ಮಂಜಾಗುತ್ತಿತ್ತು. ಕೈ ತನ್ನ ಪಾಡಿಗೆ ತಾನು ಓಡಾಡುತ್ತಿತ್ತು. ಎಚ್ಚರವೋ ಕನಸೋ ಅವಳಿಗೇ ತಿಳಿಯುತ್ತಿರಲಿಲ್ಲ. ತಂಗಿ ಮೆಟ್ಟಿಲು ಹತ್ತಿ ಬರುತ್ತಾಳೆ. ಹತ್ತುತ್ತ ಹತ್ತುತ್ತ ಚಿಕ್ಕವಳಾಗುತ್ತಾಳೆ, ಎರಡು ಜಡೆಯ ಹುಡುಗಿಯಾಗುತ್ತಾಳೆ. ಸಿಂಬಿಯನ್ನು ಮುಟ್ಟಿ "ಇದು ಅವ್ವಂದು," ಎನ್ನುತ್ತಾಳೆ. ಒಳಗೆಲ್ಲೋ ತಾಯಿ ಕೊಡ ಇಳಿಸಿದ ಸದ್ದು ಕೇಳಿಸುತ್ತದೆ. ಕನಸು ಪ್ರತಿ ಸಲವೂ ಅಲ್ಲಿಗೇ ನಿಲ್ಲುತ್ತಿತ್ತು. ಅಕ್ಕ ಮತ್ತೆ ಮೊದಲ ಮೆಟ್ಟಿಲಿನಿಂದ ಶುರು ಮಾಡುತ್ತಿದ್ದಳು. ಆ ಹದಿನಾಲ್ಕು ದಿನ ಅವಳು ತುಂಬ ಸುಖವಾಗಿದ್ದಳು, ಅದನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ.

ಹುಣ್ಣಿಮೆ ಬಂತು. ಕದದ ಹೊರಮೈಗೆ ಮೊಳೆ ಹೊಡೆದು ಸಿಂಬಿಯನ್ನು ತೂಗುಹಾಕಿದಳು. ಬೀದಿಗಿಳಿದು ನೋಡಿದರೆ ಸಿಂಬಿ ಇಲ್ಲ. ಕದ ತೆರೆದಿತ್ತಲ್ಲ, ಅದರ ಜೊತೆ ಸಿಂಬಿಯೂ ಒಳಗಿನ ಕತ್ತಲಿಗೆ ಸರಿದಿತ್ತು. ಅವಳು ಹೋಗಿ ಕದ ಎಳೆದುಕೊಂಡಳು. ಈಗ ಎಷ್ಟು ಚೆನ್ನಾಗಿ ಕಾಣಿಸಿತೆಂದರೆ, ಅವಳಿಗೇ ಕಣ್ಣು ತುಂಬಿತು.

ಆ ಸೀಮೆಯಲ್ಲಿ ಹಗಲು ಹೊತ್ತು ಯಾರೂ ಮುಂಬಾಗಿಲು ಹಾಕುವುದಿಲ್ಲ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವಾಗ ತೆರೆದ ಕದ ದೀಪ ಹಚ್ಚುವ ತನಕ ತೆರೆದೇ ಇರುತ್ತದೆ. ಹಾಕಿದೆ ಎಂದರೆ ಮನೆಯವರು ಊರಲ್ಲಿಲ್ಲ, ಇಲ್ಲವೇ ಬಂದವರ ಮುಖ ನೋಡಲು ಅವರಿಗೆ ಇಷ್ಟವಿಲ್ಲ. ಇದು ಅಕ್ಕನಿಗೆ ಗೊತ್ತಿರಲಿಲ್ಲವೇ? ಅವಳು ಅಲ್ಲಿಯೇ ಹುಟ್ಟಿ ಬೆಳೆದವಳು. ಆದರೆ ಅವಳ ಕನಸಿನಲ್ಲಿ ಕದ ಹದಿನಾಲ್ಕು ದಿನವೂ ಹಾಕಿಯೇ ಇತ್ತು. ಅಗುಳಿ ಹಾಕದೆ, ಒಳಗೆ ಕದದ ಪಕ್ಕದಲ್ಲೇ ಕೂತಳು. ಮೆಟ್ಟಿಲ ಮೇಲಿನ ಹೆಜ್ಜೆ ಸದ್ದಿಗೆ ಕಿವಿಗೊಟ್ಟಳು. ಕಾಯುತ್ತ ಕಾಯುತ್ತ ಮತ್ತೆ ಅದೇ ಕನಸಿಗೆ ಜಾರಿದಳು.

ಹೊತ್ತು ಇಳಿಯಿತು. ಹೆಜ್ಜೆ ಸದ್ದು ಕೇಳಿಸಿತು. ಅಕ್ಕ ಎದ್ದು ಕದ ತೆರೆದರೆ ಎದುರುಮನೆಯ ಮುದುಕಿ ನಿಂತಿದ್ದಳು.

"ಮನ್ಯಾಗs ಅದಿಯೇನವ್ವಾ? ಬಾಗಲ ಹಾಕಿತ್ತು, ಊರಾಗಿಲ್ಲ ಅಂದ್ಕೊಂಡಿದ್ದೆ. ನಿನ್ನ ತಂಗಿ ಬಂದಿದ್ಲು. ಓಣಿ ತುದಿಯ ಆ ಬೇವಿನ ಗಿಡದ ಬುಡಕ ನನ್ನ ಜೋಡಿ ಬಾಳ ಹೊತ್ತು ನಿಂತ್ಲು. 'ಅಕ್ಕನ ಸಿಟ್ಟು ಇನ್ನೂ ಇಳಿದಿಲ್ಲ ಬಿಡು, ಅಂದು ಹಾಕಿದ ಬಾಗಲ ಅಂದಿನಂಗs ಐತಿ' ಅಂತ ಹೇಳಿ ಕಣ್ಣೊರಸಿಕೊಂಡು ಹ್ವಾದ್ಲು."

ಅಕ್ಕ ಕದದ ಮೇಲೆ ಕೈಯಿಟ್ಟು ನಿಂತಳು. "ಅಕಿಗೆ ಸಿಂಬಿ ಕಾಣಲಿಲ್ಲೇನು?" ಎಂದು ಕೇಳಿದಳು.

"ಸಿಂಬಿ ನನಗs ಈಗ ಮೆಟ್ಟಲ ಹತ್ತಿದಮ್ಯಾಲ ಕಂಡಿದ್ದು. ಅಷ್ಟು ದೂರದಿಂದ ನನಗೂ ಬಾಗಲ ಹಾಕಿದ್ದಷ್ಟs ಕಾಣತು," ಎಂದಳು ಮುದುಕಿ.

ಅಕ್ಕ ಹೊಳೆಯ ತನಕ ಓಡಿದಳು. ದೋಣಿ ಆಚೆ ದಡ ಮುಟ್ಟಿಯಾಗಿತ್ತು. ದಡದಲ್ಲಿ ಯಾರೂ ಕಾಣಲಿಲ್ಲ.

ಗುರುಗಳು ಅಷ್ಟು ಹೇಳಿ ದಾರಕ್ಕೆ ಗಂಟು ಹಾಕಿ ಹಲ್ಲಿನಿಂದ ಕಡಿದರು. ಜೋಳಿಗೆಯನ್ನು ಕೊಡವಿ ಬೆಳಕಿಗೆ ಹಿಡಿದು ನೋಡಿದರು. ಕತೆ ಇನ್ನೂ ಇದೆಯೆಂದು ರೇವಯ್ಯ ಕಾದ. ಅಕ್ಕನನ್ನು ನೆನೆದು ಅವನಿಗೆ ಸಂಕಟವಾಗಿತ್ತು. ಇಷ್ಟು ಸಣ್ಣ ವಿಷಯ ಅವಳಿಗೆ ಹೊಳೆಯಲಿಲ್ಲವಲ್ಲ ಎಂದು ಒಳಗೊಳಗೇ ಬೈದುಕೊಳ್ಳುತ್ತಲೂ ಇದ್ದ.

"ತಂಗಿ ಮತ್ತೆ ಯಾವಾಗಲಾದರೂ ಬಂದಳೇ, ಗುರುಗಳೇ?" ಎಂದು ಕೇಳಿದ.

ಗುರುಗಳು ಮೊದಲ ಸಲ ಅವನ ಮುಖ ನೋಡಿದರು.

"ನಿಮ್ಮಣ್ಣನಿಗೆ ಮೊಣಕಾಲು ನೋವು, ಇನ್ನೂ ಕೆರೆ ಏರಿ ದಾಟಿರಲಾರ," ಎಂದರು.

ರೇವಯ್ಯ ಎದ್ದು ಕೆರೆ ಏರಿಯ ಕಡೆ ಓಡಿದ.